ಹಳಿ ಕಿತ್ತ ದಾರಿಯಲ್ಲಿ ಸೈಕಲ್ಲು

ಫ್ರಾನ್ಸಿನ ಬರ್ಗಂಡಿ ಸೀಮೆಯ ದಕ್ಷಿಣ ಭಾಗದಲ್ಲಿ ಸೋನ್-ಎ-ಲ್ವಾರ್ ಎಂಬ ಜಿಲ್ಲೆಯಿದೆ. ದ್ರಾಕ್ಷಿತೋಟಗಳ ಇಳಿಜಾರು, ಶಾರೊಲೇ ತಳಿಯ ಬಿಳಿಯ ದನಗಳು ಮೇಯುವ ಹುಲ್ಲುಗಾವಲು, ಓಕ್ ಮರಗಳ ಕಾಡು, ನಡುನಡುವೆ ಕೆಲವೇ ನೂರು ಜನರಿರುವ ಹಳ್ಳಿಗಳು, ಇವಿಷ್ಟೇ ಅಲ್ಲಿನ ನೋಟ. ಈ ಜಿಲ್ಲೆಯ ಜಿವ್ರಿ ಎಂಬ ಊರಿನಿಂದ ಕ್ಲೂನಿ ಎಂಬ ಹಳೆಯ ಮಠದ ಪಟ್ಟಣದವರೆಗೆ 1997ರಲ್ಲಿ ಒಂದು ಹೊಸ ಬಗೆಯ ದಾರಿ ತೆರೆಯಿತು. ಉದ್ದ ಸುಮಾರು 44 ಕಿಲೋಮೀಟರ್. ಅಗಲ ಎರಡು ಸೈಕಲ್ಲುಗಳು ಎದುರುಬದುರಾಗಿ ಸಲೀಸಾಗಿ ದಾಟಿಹೋಗುವಷ್ಟು. ಅದರ ಮೇಲೆ ಕಾರಿಲ್ಲ, ಲಾರಿಯಿಲ್ಲ, ಮೋಟಾರುಬೈಕಿಲ್ಲ. ಸೈಕಲ್ಲು, ನಡಿಗೆ, ಗಾಲಿಕುರ್ಚಿ, ಕೂಸುಗಳ ತಳ್ಳುಗಾಡಿ, ಇಂಥವುಗಳಿಗೆ ಮಾತ್ರ ಪ್ರವೇಶ. ಫ್ರೆಂಚರು ಇದನ್ನು ‘ವ್ವಾ ವೆರ್ತ್’ ಎಂದು ಕರೆಯುತ್ತಾರೆ. ಹಸಿರು ಹಾದಿ ಎಂದರ್ಥ. ಆ ದೇಶದಲ್ಲಿ ಈ ಹೆಸರು ಹೊತ್ತ ದಾರಿಗಳಲ್ಲಿ ಇದೇ ಮೊದಲನೆಯದೆಂಬ ಖ್ಯಾತಿ ಇದಕ್ಕಿದೆ.

ಈಗ ಬರ್ಗಂಡಿಯಲ್ಲಿ ಇಂತಹ ಹಾದಿಗಳನ್ನೂ ಕಾಲುವೆಯ ಏರಿಗಳನ್ನೂ ಹಳ್ಳಿಯ ಸಣ್ಣ ರಸ್ತೆಗಳನ್ನೂ ಪೋಣಿಸಿ ಸುಮಾರು 800 ಕಿಲೋಮೀಟರಿನ ಒಂದು ಸುತ್ತು ಸಿದ್ಧವಾಗಿದೆ. ಅಟ್ಲಾಂಟಿಕ್ ತೀರದಿಂದ ಕಪ್ಪುಸಮುದ್ರದವರೆಗೆ ಸಾಗುವ ‘ಯೂರೋವೆಲೋ 6’ ಎಂಬ ಮಹಾಮಾರ್ಗವೂ ಇದೇ ಸೀಮೆಯ ಮೂಲಕ ಹಾದುಹೋಗುತ್ತದೆ. ಬೇಸಿಗೆ ಬಂತೆಂದರೆ ಜರ್ಮನಿ, ಹಾಲೆಂಡ್, ಬ್ರಿಟನ್ನುಗಳಿಂದ ಜನ ಸೈಕಲ್ಲಿನ ಎರಡೂ ಬದಿಗೆ ಚೀಲ ತೂಗಿಹಾಕಿಕೊಂಡು ಬರುತ್ತಾರೆ. ಹೊಗೆಯಿಲ್ಲ, ಗದ್ದಲವಿಲ್ಲ, ಅಪಘಾತದ ಭಯವಿಲ್ಲ. ಪರಿಸರದ ಬಗ್ಗೆ ಕಾಳಜಿಯಿರುವ ಯಾರಿಗಾದರೂ ಇದು ಮೆಚ್ಚುಗೆಯಾಗುವಂಥದೇ. ಆದರೆ ಜಿವ್ರಿ–ಕ್ಲೂನಿ ಹಾದಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಕೇಳದೆ ಮೆಚ್ಚುವುದು ಅರ್ಧ ಮೆಚ್ಚುಗೆ ಮಾತ್ರ. ಅದು ನಿಂತಿರುವುದು ಸತ್ತುಹೋದ ಒಂದು ರೈಲುಮಾರ್ಗದ ಮೇಲೆ.

ಸೈಕಲ್ಲಿಗೆ ಹಳೆಯ ರೈಲುದಾರಿಗಿಂತ ಹಿತವಾದ ದಾರಿ ಬೇರೊಂದಿಲ್ಲ. ಉಗಿಬಂಡಿಯ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುವ ಸ್ವಭಾವದ್ದು. ಕಡಿದಾದ ಏರನ್ನು ಅದು ಹತ್ತಲಾರದು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ದಿಬ್ಬವನ್ನು ಕಡಿದರು, ತಗ್ಗನ್ನು ತುಂಬಿದರು, ಹಳ್ಳಗಳಿಗೆ ಕಲ್ಲಿನ ಕಮಾನು ಕಟ್ಟಿದರು, ಅಡ್ಡ ಬಂದ ಬೆಟ್ಟವನ್ನು ಕೊರೆದರು. ನೂರು ಮೀಟರು ಮುಂದೆ ಹೋದರೆ ಒಂದೆರಡು ಮೀಟರು ಏರು, ಅಷ್ಟೇ. ತಿರುವುಗಳೆಲ್ಲ ದೊಡ್ಡವು, ನಿಧಾನವಾದವು. ಮಳೆನೀರು ನಿಲ್ಲದಂತೆ ಎರಡೂ ಬದಿಗೆ ಚರಂಡಿ. ಎಂಟು ವರ್ಷದ ಮಗುವೂ ಎಪ್ಪತ್ತೈದರ ಅಜ್ಜಿಯೂ ಒಂದೇ ದಿನ ಒಂದೇ ದಾರಿಯಲ್ಲಿ ಸೈಕಲ್ ತುಳಿಯಲು ಸಾಧ್ಯವಾಗಿರುವುದು ಇಂದಿನ ಪ್ರವಾಸ ಇಲಾಖೆಯ ಜಾಣ್ಮೆಯಿಂದಲ್ಲ. ನೂರೈವತ್ತು ವರ್ಷಗಳ ಹಿಂದೆ ಗುದ್ದಲಿ ಹಿಡಿದು ಮಣ್ಣು ಹೊತ್ತ ಕೂಲಿಗಳ ಬೆವರಿನಿಂದ. ಹಾದಿಯ ಬದಿಯ ಮಾಹಿತಿಫಲಕಗಳು ವೈನಿನ ಬಗ್ಗೆ, ಇಗರ್ಜಿಗಳ ಬಗ್ಗೆ ಬಹಳ ಹೇಳುತ್ತವೆ. ಈ ಕೂಲಿಗಳ ಬಗ್ಗೆಯೂ ಅಷ್ಟೇ ಹೇಳಿದರೆ ಒಳಿತು.

ಇಷ್ಟು ಶ್ರಮದಿಂದ ಕಟ್ಟಿದ ರೈಲು ಎಲ್ಲಿಗೆ ಹೋಯಿತು? 1878ರಲ್ಲಿ ಲೋಕೋಪಯೋಗಿ ಮಂತ್ರಿ ಶಾರ್ಲ್ ದ ಫ್ರೇಸಿನೇ ಒಂದು ಮಹಾಯೋಜನೆ ಮುಂದಿಟ್ಟಿದ್ದರು: ದೇಶದ ಪ್ರತಿಯೊಂದು ಉಪವಿಭಾಗದ ಕೇಂದ್ರಕ್ಕೂ ರೈಲು ತಲುಪಬೇಕು. ತಲುಪಿತು ಕೂಡ. ಹಳ್ಳಿಯ ಹಾಲು, ದನ, ಕಲ್ಲು, ವೈನು ಪೇಟೆಗೆ ಹೋದವು. ಪೇಟೆಯ ಪತ್ರಿಕೆ, ಮೇಷ್ಟರು, ವೈದ್ಯರು ಹಳ್ಳಿಗೆ ಬಂದರು. ಮುಂದೆ ಬಸ್ಸು, ಲಾರಿಗಳ ಕಾಲ ಬಂದಾಗ ಇದೇ ಮಾರ್ಗಗಳು ನಷ್ಟದ ಬಾಬ್ತಾದವು. 1938ರ ಜನವರಿಯಲ್ಲಿ ದೊಡ್ಡ ರೈಲ್ವೆ ಕಂಪನಿಗಳನ್ನು ಒಂದುಗೂಡಿಸಿ ‘ಎಸ್‌ಎನ್‌ಸಿಎಫ್’ ಎಂಬ ರಾಷ್ಟ್ರೀಯ ರೈಲ್ವೆ ಸಂಸ್ಥೆ ಹುಟ್ಟಿತು. ‘ರೈಲು ಮತ್ತು ರಸ್ತೆಗಳ ಹೊಂದಾಣಿಕೆ’ ಎಂಬ ಸೌಮ್ಯವಾದ ಹೆಸರಿನಲ್ಲಿ ಆ ವರ್ಷ ಮತ್ತು ಮರುವರ್ಷ ಸಾವಿರಾರು ಕಿಲೋಮೀಟರ್ ಮಾರ್ಗಗಳಲ್ಲಿ ಪ್ರಯಾಣಿಕರ ರೈಲು ನಿಂತಿತು. ಯುದ್ಧದ ನಂತರ, ಮನೆಗೊಂದು ಕಾರು ಬಂದ ಮೇಲೆ, ಉಳಿದವುಗಳಲ್ಲಿಯೂ ಎಷ್ಟೋ ನಿಂತವು. ಮೊದಲು ರೈಲುಗಳ ಸಂಖ್ಯೆ ಇಳಿಯುತ್ತದೆ, ವೇಳೆ ಅನಾನುಕೂಲವಾಗುತ್ತದೆ. ಜನ ಹತ್ತುವುದು ಕಡಿಮೆಯಾಗುತ್ತದೆ. ಜನರೇ ಬರುತ್ತಿಲ್ಲವೆಂದು ಮಾರ್ಗ ಮುಚ್ಚುತ್ತದೆ. ಈ ಕ್ರಮವನ್ನು ಬಲ್ಲದ ಹಳ್ಳಿಗರು ಯಾವ ದೇಶದಲ್ಲಿಯೂ ಇರಲಾರರು.

ಹಳಿಗಳನ್ನು ಕಿತ್ತ ಮೇಲೆ ಆ ದಾರಿಗಳಲ್ಲಿ ಮುಳ್ಳುಪೊದೆ ಬೆಳೆಯಿತು. ಕೆಲವು ಕಡೆ ಅಕ್ಕಪಕ್ಕದ ಹೊಲದವರು ನೆಲವನ್ನು ಕೊಂಡು ಉತ್ತರು. ಜಿಲ್ಲಾ ಮಂಡಲಿ ಅದನ್ನು ಕೊಂಡು, ಜಲ್ಲಿಯ ಮೇಲೆ ಡಾಂಬರು ಹಾಸಿದ ಕಡೆ ಮಾತ್ರ ದಾರಿ ದಾರಿಯಾಗಿಯೇ ಉಳಿಯಿತು. ಹಸಿರು ಹಾದಿಯ ಪರವಾದ ಅತ್ಯಂತ ಬಲವಾದ ವಾದ ಇದು. ಒಂದು ಉದ್ದನೆಯ ಸಾರ್ವಜನಿಕ ನೆಲ ತುಂಡುತುಂಡಾಗಿ ಮಾರಾಟವಾಗಿ ಹೋದರೆ ಅದನ್ನು ಮತ್ತೆ ಒಂದುಗೂಡಿಸುವುದು ಅಸಾಧ್ಯವೇ ಸರಿ. ಸೈಕಲ್ಲು ಓಡಾಡುತ್ತಿರುವಷ್ಟು ಕಾಲ ಅದು ಎಲ್ಲರದು. ಕೆಲವೆಡೆ ರೈಲ್ವೆ ಸಂಸ್ಥೆ ನೆಲದ ಒಡೆತನವನ್ನು ತನ್ನಲ್ಲೇ ಇಟ್ಟುಕೊಂಡು, ನಿರ್ವಹಣೆಯನ್ನು ಮಾತ್ರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿಕೊಟ್ಟಿದೆ. ಎಂದಾದರೊಂದು ದಿನ ರೈಲು ಮರಳಬಹುದೆಂಬ ಎಳೆಯೊಂದು ಆ ಒಪ್ಪಂದಗಳಲ್ಲಿ ಉಳಿದಿದೆ.

ಕ್ಲೂನಿಯಿಂದ ದಕ್ಷಿಣಕ್ಕೆ ಮಾಕೋನ್ ಪಟ್ಟಣದತ್ತ ಸಾಗಿದರೆ ಬ್ವಾಕ್ಲೇರ್ ಎಂಬ ಬೆಟ್ಟ ಎದುರಾಗುತ್ತದೆ. ಈ ಒಂದೇ ಬೆಟ್ಟದಲ್ಲಿ ಸಾರಿಗೆಯ ಇಡೀ ಚರಿತ್ರೆ ಅಡಗಿದೆ. ಉಗಿಬಂಡಿಗೆ ಹತ್ತಲಾಗದ ಕಾರಣ ಹಿಂದಿನವರು ಬೆಟ್ಟದ ಹೊಟ್ಟೆಯಲ್ಲಿ 1.6 ಕಿಲೋಮೀಟರ್ ಉದ್ದದ ಸುರಂಗ ಕೊರೆದರು. 1981ರಲ್ಲಿ ಪ್ಯಾರಿಸ್–ಲಿಯೋನ್ ನಡುವೆ ಅತಿವೇಗದ ರೈಲು ಬಂದಾಗ ಅದಕ್ಕೆ ಸುರಂಗವೇ ಬೇಕಾಗಲಿಲ್ಲ. ವಿದ್ಯುತ್ತಿನ ಬಲದಿಂದ ಅದು ಬೆಟ್ಟದ ಹೆಗಲನ್ನೇ ಹತ್ತಿ ಇಳಿದುಹೋಯಿತು. ಆ ಹೊಸ ಮಾರ್ಗದಲ್ಲಿ ಪ್ಯಾರಿಸಿನಿಂದ ಲಿಯೋನಿನವರೆಗೆ ಒಂದೂ ಸುರಂಗವಿಲ್ಲ. ಪಕ್ಕದಲ್ಲಿಯೇ ದೇಶವನ್ನು ಅಡ್ಡಲಾಗಿ ಸೀಳುವ ಹೆದ್ದಾರಿ, ಅದರ ಮೇಲೆ ಸಾಲುಗಟ್ಟಿದ ಲಾರಿಗಳು. ಕೆಳಗೆ ಹಳೆಯ ಸುರಂಗದಲ್ಲಿ ಸೈಕಲ್ಲು. ಕ್ಲೂನಿಯ ನಿವಾಸಿಗೆ ತನ್ನೂರಿನ ರೈಲು ತಪ್ಪಿತು. ಪ್ಯಾರಿಸಿನ ರೈಲು ಗಂಟೆಗೆ ಇನ್ನೂರೆಪ್ಪತ್ತು, ಮುನ್ನೂರು ಕಿಲೋಮೀಟರ್ ವೇಗದಲ್ಲಿ ಅವನ ಹೊಲದ ಮಗ್ಗುಲಿನಿಂದಲೇ, ಅವನಿಗಾಗಿ ನಿಲ್ಲದೆ, ಹಾದುಹೋಗುತ್ತಿದೆ. ಅದನ್ನು ಹತ್ತಬೇಕಾದರೆ ಅವನು ಕಾರಿನಲ್ಲೋ ಬಸ್ಸಿನಲ್ಲೋ ಬೇರೊಂದು ನಿಲ್ದಾಣಕ್ಕೆ ಹೋಗಬೇಕು.

ಸುರಂಗದ ಮಾತು ಬಂದಾಗ ಬಾವಲಿಗಳ ಮಾತನ್ನೂ ಆಡಬೇಕು. ರೈಲು ನಿಂತು ಸುರಂಗ ಕತ್ತಲಾದ ವರ್ಷಗಳಲ್ಲಿ ಬಾವಲಿಗಳು ಅದನ್ನು ಚಳಿಗಾಲದ ಮನೆಯಾಗಿ ಮಾಡಿಕೊಂಡವು. ಹೊರಗೆ ಹಿಮ ಬಿದ್ದರೂ ಸುರಂಗದ ಒಳಗಿನ ತೇವ ಮತ್ತು ತಂಪು ಹೆಚ್ಚುಕಡಿಮೆ ಒಂದೇ ಹದದಲ್ಲಿ ಇರುತ್ತವೆ. ಶೀತನಿದ್ರೆಯಲ್ಲಿರುವ ಬಾವಲಿ ಬೆಳಕಿಗೋ ಸದ್ದಿಗೋ ಎಚ್ಚೆತ್ತರೆ, ವಸಂತದವರೆಗೆ ಕೂಡಿಟ್ಟುಕೊಂಡ ಮೈಕೊಬ್ಬನ್ನು ಅಕಾಲದಲ್ಲಿ ಸುಟ್ಟುಕೊಳ್ಳುತ್ತದೆ. ಹಿಡಿಯಲು ಹುಳುವಿಲ್ಲದ ಕಾಲದಲ್ಲಿ ಅದು ಸಾವೇ. ಆದ್ದರಿಂದ ಚಳಿಗಾಲದ ತಿಂಗಳುಗಳಲ್ಲಿ ಸುರಂಗವನ್ನು ಮುಚ್ಚಲಾಗುತ್ತದೆ. ಸೈಕಲ್ಲಿಗರು ಬೆಟ್ಟದ ಮೇಲಿನ ಬಳಸುದಾರಿಯಲ್ಲಿ ಏದುಸಿರು ಬಿಡುತ್ತ ಹತ್ತಬೇಕು. ಸುಗಮವಾದ ದಾರಿಯೊಂದು ಇದ್ದೂ ವರ್ಷದ ಕೆಲವು ತಿಂಗಳು ಅಂಗೈಯಗಲದ ಒಂದು ಜೀವಿಗಾಗಿ ಅದನ್ನು ಬಿಟ್ಟುಕೊಡುವುದು ಸಣ್ಣ ಸಂಗತಿಯಲ್ಲ. ಹಸಿರು ಎಂಬ ಹೆಸರು ಆ ಹಾದಿಗೆ ನಿಜವಾಗಿ ಸಲ್ಲುವುದು ಬಾಗಿಲು ಹಾಕಿರುವ ಈ ತಿಂಗಳುಗಳಲ್ಲಿಯೇ ಎಂದರೆ ತಪ್ಪಾಗದು.

ಡಾಂಬರಿನ ವಿಷಯದಲ್ಲಿ ಪರಿಸರವಾದಿಗಳಲ್ಲಿಯೇ ಒಡಕಿದೆ. ಕಾಲುವೆಯ ಏರಿಗೆ, ಕಾಡಿನಂಚಿಗೆ ಡಾಂಬರು ಹಾಕುವುದೆಂದರೆ ಮಣ್ಣಿನ ಬಾಯಿ ಮುಚ್ಚಿದಂತೆ, ಗಟ್ಟಿಸಿದ ಮರಳು–ಜಲ್ಲಿಯೇ ಸಾಕು ಎಂಬುದು ಒಂದು ಪಕ್ಷ. ಕೇಳಲು ಹಿತವಾಗಿದೆ. ಆದರೆ ಗಾಲಿಕುರ್ಚಿಯಲ್ಲಿ ಕುಳಿತವರು ಒದ್ದೆ ಮರಳಿನಲ್ಲಿ ಮುಂದೆ ಸಾಗಲಾರರು. ಮಳೆಗಾಲದ ಮುಂಜಾನೆ ಶಾಲೆಗೆ ಹೊರಟ ಹುಡುಗಿ ಕೆಸರು ಸಿಡಿಸಿಕೊಂಡು ಎರಡನೆಯ ದಿನ ಹೋಗಲಾರಳು. ಬಿಸಿಲಿನ ರಜಾದಿನಗಳಲ್ಲಿ ಮಾತ್ರ ಬರುವ ಪ್ರವಾಸಿಗೆ ಮರಳು ಸಾಕು. ವರ್ಷವಿಡೀ ಬಾಳುವ ಹಳ್ಳಿಗನಿಗೆ ಗಟ್ಟಿ ನೆಲ ಬೇಕು. ದಶಕಗಳಿಂದ ಗಾಡಿ, ರೈಲು ಓಡಿ ಗಟ್ಟಿಯಾದ ನೆಲದ ಮೇಲೆ ಮೂರು ಮೀಟರು ಡಾಂಬರು ಹಾಕುವುದನ್ನು ವಿರೋಧಿಸುವವರು, ಅದೇ ಉತ್ಸಾಹವನ್ನು ಪಕ್ಕದ ಹೆದ್ದಾರಿಯ ಅಗಲೀಕರಣದ ಮೇಲೆ ಖರ್ಚು ಮಾಡುವುದು ಲೇಸು.

ಕಾಲುವೆಗಳ ಕಥೆ ಸ್ವಲ್ಪ ಬೇರೆ. ಬರ್ಗಂಡಿ ಕಾಲುವೆ 242 ಕಿಲೋಮೀಟರ್ ಉದ್ದ. ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ 189 ಲಾಕುಗಳು ಅದರಲ್ಲಿವೆ. ನಿವೆರ್ನೇ ಕಾಲುವೆ 174 ಕಿಲೋಮೀಟರ್. ಮೊರ್ವಾನ್ ಬೆಟ್ಟಗಳ ಕಾಡಿನಿಂದ ಪ್ಯಾರಿಸಿನ ಒಲೆಗಳಿಗೆ ಸೌದೆ ಸಾಗಿಸುವ ಉದ್ದೇಶದಿಂದ ಅದರ ಕೆಲಸ ಆರಂಭವಾಯಿತು. ಆ ಬೆಟ್ಟಗಳಿಂದ ನದಿಯ ನೀರಿನಲ್ಲಿ ತೇಲಿಬಿಟ್ಟ ಸೌದೆಯೇ ಶತಮಾನಗಳ ಕಾಲ ರಾಜಧಾನಿಯ ಚಳಿ ಕಾಯಿಸಿತ್ತು. ಬೆಟ್ಟದ ಮರ ಬಯಲಿನ ನಗರಕ್ಕೆ ಹರಿದುಹೋಗುವ ಈ ಕ್ರಮ ಬೆಟ್ಟದ ಜನರಿಗೆ ವಿವರಿಸಿ ಹೇಳಬೇಕಾದುದಲ್ಲ. 112 ಕಿಲೋಮೀಟರಿನ ಸೆಂಟರ್ ಕಾಲುವೆ ಮೊಂಸೋ-ಲೆ-ಮೀನ್ ಸುತ್ತಲಿನ ಕಲ್ಲಿದ್ದಲನ್ನು ಹೊತ್ತಿತು. ಕಾಲುವೆಯ ಅಂಚಿನ ದಾರಿಯಲ್ಲಿ ಕುದುರೆಗಳು, ಹಲವೊಮ್ಮೆ ಹೆಗಲಿಗೆ ಪಟ್ಟಿ ಕಟ್ಟಿಕೊಂಡ ಮನುಷ್ಯರು, ದೋಣಿ ಎಳೆಯುತ್ತಿದ್ದರು. ಇಂದು ಸೈಕಲ್ಲು ಓಡುವುದು ಅದೇ ದಾರಿಯ ಮೇಲೆ. ಗಣಿ ಮುಚ್ಚಿತು, ಸೌದೆ ಬೇಡವಾಯಿತು, ಸರಕು ಲಾರಿಗೆ ಹೋಯಿತು. ಲಾಕು ಕಾಯುವವರ ಪುಟ್ಟ ಮನೆಗಳಲ್ಲಿ ಎಷ್ಟೋ ಖಾಲಿಯಾದವು. ಅವುಗಳಲ್ಲಿ ಕೆಲವು ಈಗ ಚಹಾದಂಗಡಿ, ವಸತಿಗೃಹಗಳಾಗಿವೆ.

ಆದರೆ ಈ ಕಾಲುವೆಗಳಿಗೆ ನೀರು ಎಲ್ಲಿಂದ? ಬೆಟ್ಟದ ನೆತ್ತಿಯ ಬಳಿ ಕಟ್ಟಿದ ಜಲಾಶಯಗಳಿಂದ. ಇತ್ತೀಚಿನ ಒಣ ಬೇಸಿಗೆಗಳಲ್ಲಿ, ಅದರಲ್ಲಿಯೂ 2022ರ ಬರದಲ್ಲಿ, ಜಲಾಶಯಗಳು ತಳ ಕಂಡು, ಬರ್ಗಂಡಿಯ ಕಾಲುವೆಗಳಲ್ಲಿ ದೋಣಿಸಂಚಾರವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ದೋಣಿ ಬಾರದ ಕಾಲುವೆಯನ್ನು ಎಷ್ಟು ದಿನ ಕಾಪಾಡುತ್ತಾರೆ? ಕಾಲುವೆಯ ಗೋಡೆ ಕುಸಿದರೆ ಏರಿಯ ಮೇಲಿನ ಸೈಕಲ್ ದಾರಿಯೂ ಕುಸಿಯುತ್ತದೆ. ಹವಾಮಾನದ ಬದಲಾವಣೆಗೆ ಸೈಕಲ್ಲು ಪರಿಹಾರವೆಂದು ಹೇಳುವ ಪುಸ್ತಿಕೆಗಳಲ್ಲಿ, ಅದೇ ಬದಲಾವಣೆ ಸೈಕಲ್ಲಿನ ದಾರಿಯನ್ನೇ ಕೊರೆಯುತ್ತಿದೆ ಎಂಬ ಸಾಲು ಸೇರಬೇಕಾಗಿದೆ.

ಸೈಕಲ್ ಪ್ರವಾಸವೆಂಬುದು ಫ್ರಾನ್ಸಿನಲ್ಲಿ ಹೊಸದೂ ಅಲ್ಲ, ಶ್ರೀಮಂತರ ಶೋಕಿಯಾಗಿ ಬೆಳೆದದ್ದೂ ಅಲ್ಲ. ಸೇಂಟ್ ಎತಿಯೆನ್ ಎಂಬ ಕೈಗಾರಿಕಾ ನಗರದಲ್ಲಿ ‘ವೆಲೋಸಿಯೋ’ ಎಂಬ ಕಾವ್ಯನಾಮದ ಪೋಲ್ ದ ವಿವೀ 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ಹೊರಡಿಸಿದರು. ಪಂದ್ಯಕ್ಕಾಗಿ ಅಲ್ಲ, ದೇಶ ನೋಡಲು ಸೈಕಲ್ ತುಳಿಯಿರಿ ಎಂದು ಬದುಕಿಡೀ ಸಾರಿದರು. 1936ರಲ್ಲಿ ಕಾರ್ಮಿಕರಿಗೆ ಸಂಬಳಸಹಿತ ಎರಡು ವಾರದ ರಜೆ ಕಾನೂನಾದಾಗ, ಆ ಬೇಸಿಗೆಯಲ್ಲಿ ಕಾರ್ಖಾನೆಗಳ ಗಂಡಹೆಂಡಿರು ಜೋಡಿ ಸೈಕಲ್ಲಿನ ಮೇಲೆ ಕುಳಿತು, ಜೀವನದಲ್ಲಿ ಮೊದಲ ಬಾರಿಗೆ ಸಮುದ್ರ ನೋಡಲು ಹೊರಟರು. ಆಗ ರಸ್ತೆಗಳೆಲ್ಲವೂ ಹೆಚ್ಚುಕಡಿಮೆ ಹಸಿರು ಹಾದಿಗಳೇ. ಕಾರುಗಳಿಲ್ಲದ ದಾರಿಯನ್ನು ಪ್ರತ್ಯೇಕವಾಗಿ ಕಟ್ಟಿ, ಬೇಲಿ ಹಾಕಿ, ಫಲಕ ನೆಟ್ಟು, ಇದು ವಿಶೇಷ ಸೌಲಭ್ಯವೆಂದು ಹೇಳಬೇಕಾದ ಸ್ಥಿತಿ ಬಂದದ್ದು ಅನಂತರ.

ಇಂದಿನ ಪ್ರವಾಸಿ ಬೇರೆ. ನಿವೃತ್ತರು, ಬ್ಯಾಟರಿ ಸಹಾಯದ ಸೈಕಲ್ಲಿನವರು ಹೆಚ್ಚು. ಬ್ಯಾಟರಿಯನ್ನು ಹಳಿಯುವುದು ಬೇಡ. ಮೊಣಕಾಲು ನೋವಿನವರನ್ನೂ ಅದು ಬೆಟ್ಟದ ಹಳ್ಳಿಗೆ ತಂದಿದೆ. ಹಾದಿಯಿಂದ 5 ಕಿಲೋಮೀಟರಿನ ಒಳಗಿರುವ, ಸೈಕಲ್ ಇಡಲು ಭದ್ರವಾದ ಜಾಗ ಮತ್ತು ರಿಪೇರಿಯ ಸಲಕರಣೆ ಇಟ್ಟಿರುವ ವಸತಿಗೃಹಗಳಿಗೆ ‘ಅಕೈ ವೆಲೋ’ ಎಂಬ ಮುದ್ರೆ ಕೊಡುವ ಪದ್ಧತಿಯಿದೆ. ಸೈಕಲ್ಲಿಗನಿಗೆ ಹಸಿವು ಹೆಚ್ಚು, ಚೀಲದಲ್ಲಿ ಜಾಗ ಕಡಿಮೆ. ಕಾರಿನವನಂತೆ ಪೇಟೆಯಿಂದ ಸಾಮಾನು ತುಂಬಿಕೊಂಡು ಬರಲಾರ. ಹೀಗಾಗಿ ಅವನ ದುಡ್ಡು ದಾರಿಯುದ್ದಕ್ಕೂ ಚಿಲ್ಲರೆಯಾಗಿ ಉದುರುತ್ತದೆ. ಮುಚ್ಚುವುದರಲ್ಲಿದ್ದ ಹಳ್ಳಿಯ ರೊಟ್ಟಿಯಂಗಡಿಗೆ ಬೇಸಿಗೆಯ ನಾಲ್ಕು ತಿಂಗಳಾದರೂ ಉಸಿರು ಸಿಗುತ್ತದೆ. ಉಳಿದ ಎಂಟು ತಿಂಗಳು?

ಜಗಳವಿರುವುದು ಇಲ್ಲಿ. ಹಸಿರು ಹಾದಿ ಯಾರಿಗಾಗಿ? ಭಾನುವಾರದ ಪ್ರವಾಸಿಗಾಗಿಯೋ, ಸೋಮವಾರದ ಹಳ್ಳಿಗನಿಗಾಗಿಯೋ? ಫ್ರಾನ್ಸಿನ ಕಾನೂನನ್ನೇ ನೋಡಬಹುದು. 1996ರ ಡಿಸೆಂಬರಿನ ಕಾಯಿದೆಯೊಂದು, ನಗರ–ಪಟ್ಟಣಗಳ ಒಳಗೆ ರಸ್ತೆಗಳನ್ನು ಹೊಸದಾಗಿ ಮಾಡುವಾಗ ಅಥವಾ ನವೀಕರಿಸುವಾಗ ಸೈಕಲ್ಲಿಗೆ ವ್ಯವಸ್ಥೆ ಮಾಡಲೇಬೇಕೆಂದು ವಿಧಿಸಿತು. ಊರಿನ ಫಲಕ ದಾಟಿ ಹೊರಗೆ ಬಂದರೆ ಆ ಕಡ್ಡಾಯವಿಲ್ಲ. 2019ರ ಸಾರಿಗೆ ಕಾಯಿದೆ ಊರ ಹೊರಗಿನ ರಸ್ತೆಗಳ ಬಗ್ಗೆ ಹೇಳಿದ್ದು, ಸೈಕಲ್ಲಿನ ವ್ಯವಸ್ಥೆ ಬೇಕೇ ಎಂಬುದನ್ನು ಮೊದಲು ಪರಿಶೀಲಿಸಬೇಕು ಎಂದು. ನಗರದವನಿಗೆ ಹಕ್ಕು, ಹಳ್ಳಿಯವನಿಗೆ ಪರಿಶೀಲನೆ! ಹಸಿರು ಹಾದಿಯಿಂದ ಕೇವಲ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯ ಬಾಲಕ ಅಲ್ಲಿಗೆ ತಲುಪಬೇಕಾದರೆ, ಅಂಚೂ ಇಲ್ಲದ ಜಿಲ್ಲಾರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದ ಕಾರುಗಳ ನಡುವೆ ಸಾಗಬೇಕು. ತಾಯಿ ಕಳುಹಿಸುವುದಿಲ್ಲ. ಕಾರಿನಲ್ಲಿ ಬಿಟ್ಟುಬರುತ್ತಾಳೆ. ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಹಸಿರು ಹಾದಿಗೆ ಬರುವ ಕುಟುಂಬಗಳನ್ನು ಕಂಡು ನಗುವವರಿದ್ದಾರೆ. ನಗುವಂಥದೇನೂ ಅದರಲ್ಲಿಲ್ಲ, ಅವರಿಗೆ ಬೇರೆ ದಾರಿ ಕೊಟ್ಟಿಲ್ಲ.

2018ರ ನವೆಂಬರಿನಲ್ಲಿ ಹಳದಿ ಅಂಗಿಯ ಜನ ಫ್ರಾನ್ಸಿನ ರಸ್ತೆವೃತ್ತಗಳಲ್ಲಿ ಬಂದು ಕುಳಿತದ್ದನ್ನು ಲೋಕ ಕಂಡಿತು. ಹವಾಮಾನದ ಹೆಸರಿನಲ್ಲಿ ಡೀಸೆಲ್, ಪೆಟ್ರೋಲುಗಳ ಮೇಲೆ ಸರ್ಕಾರ ಏರಿಸಲಿದ್ದ ತೆರಿಗೆ ಅದಕ್ಕೆ ಕಿಡಿಯಾಯಿತು. ಅವರಲ್ಲಿ ಹಳ್ಳಿ ಮತ್ತು ಸಣ್ಣ ಪಟ್ಟಣಗಳವರೇ ಬಹಳ. ಅವರನ್ನು ಪರಿಸರದ ಶತ್ರುಗಳೆಂದು ನಗರದ ಕೆಲವು ಲೇಖಕರು ಬರೆದರು. ಅದು ಅನ್ಯಾಯದ ಮಾತು. ಅಜ್ಜನ ಕಾಲದ ರೈಲನ್ನು ಕಿತ್ತು, ಅಪ್ಪನ ಕಾಲದ ಬಸ್ಸನ್ನು ದಿನಕ್ಕೆರಡು ಬಾರಿಗೆ ಇಳಿಸಿ, ಆಸ್ಪತ್ರೆ–ಅಂಚೆಕಚೇರಿಗಳನ್ನು ಪೇಟೆಗೆ ಒಯ್ದು, ಮೊಮ್ಮಗನಿಗೆ ಕಾರಿನ ಹೊರತು ಗತಿಯಿಲ್ಲದಂತೆ ಮಾಡಿ, ಆಮೇಲೆ ಕಾರು ಓಡಿಸಿದ್ದಕ್ಕೆ ದಂಡ ಕಟ್ಟು ಎಂದರೆ ಯಾವ ಹಳ್ಳಿಗ ಸುಮ್ಮನಿದ್ದಾನು? ಇಂಥವನ ಮನೆಯ ಹಿಂದಿನಿಂದ, ಕಿತ್ತ ಹಳಿಯ ಜಾಗದಲ್ಲಿ, ದೂರದೇಶದ ಪ್ರವಾಸಿಗಳು ನಗುತ್ತ ಸೈಕಲ್ ತುಳಿದು ಹೋಗುವಾಗ ಅವನಿಗೆ ಏನನ್ನಿಸುತ್ತದೆಂಬುದನ್ನು ಹಸಿರು ಹಾದಿಯ ಅಭಿಮಾನಿಗಳು ಒಮ್ಮೆ ಯೋಚಿಸಬೇಕು.

ಹಾದಿ ಬೇಡವೆಂದು ಇದರ ಅರ್ಥವಲ್ಲ. ಹಾದಿ ಅಲ್ಲಿಗೇ ನಿಲ್ಲಬಾರದು ಎಂದು ಅರ್ಥ. ಹಸಿರು ಹಾದಿ ಒಂದು ಕಾಂಡ. ಅದಕ್ಕೆ ಕೊಂಬೆಗಳು ಬೇಕು. ಪ್ರತಿ ಹಳ್ಳಿಯಿಂದ, ಶಾಲೆಯಿಂದ, ಸಂತೆಯ ಮೈದಾನದಿಂದ ಹಾದಿಗೆ ಸೇರುವ ನಾಲ್ಕೈದು ಕಿಲೋಮೀಟರಿನ ತುಂಡುಗಳು ಬೇಕು. ಅವು ಹೊಸದಾಗಿಯೇ ಆಗಬೇಕೆಂದಿಲ್ಲ. ಹೊಲಗದ್ದೆಗಳಿಗೆ ಹೋಗುವ ಬಂಡಿದಾರಿಗಳು ಅಲ್ಲಿ ಬೇಕಾದಷ್ಟಿವೆ. 2004ರಲ್ಲಿ ಸಂಚಾರಸಂಹಿತೆಯಲ್ಲಿ ಹಸಿರು ಹಾದಿಗೆ ಸ್ಥಾನ ಸಿಕ್ಕಾಗ ಮೋಟಾರು ವಾಹನಗಳನ್ನು ಪೂರ್ತಿಯಾಗಿ ನಿಷೇಧಿಸಲಾಗಿತ್ತು. ಟ್ರ್ಯಾಕ್ಟರು ಓಡಿಸುವ ರೈತನಿಗೂ ಸೈಕಲ್ಲಿಗನಿಗೂ ಇದರಿಂದ ತಕರಾರು ಹುಟ್ಟಿತು. 2022ರ ತಿದ್ದುಪಡಿ ಕೆಲವು ವಾಹನಗಳಿಗೆ ಅಪವಾದವಾಗಿ ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೆ ಕೊಟ್ಟಿದೆ. ಶುದ್ಧತಾವಾದಿಗಳಿಗೆ ಇದು ರುಚಿಸಿಲ್ಲ. ಆದರೆ ಗಂಟೆಗೊಮ್ಮೆ ನಿಧಾನವಾಗಿ ಹೋಗುವ ಟ್ರ್ಯಾಕ್ಟರು ಸೈಕಲ್ಲಿನ ಶತ್ರುವಲ್ಲ. ರೈತನನ್ನು ಹಾದಿಯ ವಿರೋಧಿಯನ್ನಾಗಿ ಮಾಡಿಕೊಂಡರೆ ಕೊಂಬೆಗಳು ಎಂದಿಗೂ ಚಿಗುರಲಾರವು.

ಇನ್ನು ರೈಲಿನ ಪ್ರಶ್ನೆ. ಮುಚ್ಚಿದ ಮಾರ್ಗಗಳಲ್ಲಿ ರೈಲನ್ನು ಮತ್ತೆ ಓಡಿಸಬೇಕೆಂಬ ಬೇಡಿಕೆ ಫ್ರಾನ್ಸಿನ ಹಲವು ಸೀಮೆಗಳಲ್ಲಿದೆ. ಅಲ್ಲೆಲ್ಲ ರೈಲಿನ ಪಕ್ಷದವರಿಗೂ ಹಸಿರು ಹಾದಿಯ ಪಕ್ಷದವರಿಗೂ ತಿಕ್ಕಾಟ. ಇಬ್ಬರೂ ಪರಿಸರದ ಹೆಸರನ್ನೇ ಹೇಳುತ್ತಾರೆ. ಹಳಿಗಳು ಇನ್ನೂ ನೆಲದ ಮೇಲಿದ್ದು, ಸುತ್ತ ಸಾಕಷ್ಟು ಜನವಸತಿಯಿರುವ ಕಡೆ ಸೈಕಲ್ಲಿನವರು ಹಿಂದೆ ಸರಿಯುವುದೇ ನ್ಯಾಯ. ಸೈಕಲ್ಲಿಗೆ ಬೇರೆ ದಾರಿ ಮಾಡಬಹುದು. ಕಿತ್ತ ಹಳಿಯನ್ನು ಮರಳಿ ಹಾಕಿದ ನಿದರ್ಶನ ವಿರಳ. ರೈಲಿಲ್ಲದೆ ಸೈಕಲ್ ಪ್ರವಾಸವೂ ಪೂರ್ಣವಲ್ಲ. ಪ್ರವಾಸಿ ತನ್ನ ಸೈಕಲ್ಲಿನೊಂದಿಗೆ ಬರ್ಗಂಡಿಗೆ ತಲುಪುವುದು ಹೇಗೆ? 2021ರ ಜನವರಿಯ ಆದೇಶವೊಂದು, ಹೊಸ ಮತ್ತು ನವೀಕರಿಸಿದ ರೈಲುಗಳಲ್ಲಿ ಸಾಮಾನ್ಯವಾಗಿ 8 ಸೈಕಲ್ಲುಗಳಿಗೆ ಜಾಗವಿರಬೇಕೆಂದು ವಿಧಿಸಿದೆ. ಇಡೀ ರೈಲಿಗೆ ಎಂಟು! ಎರಡು ಕುಟುಂಬ ಹತ್ತಿದರೆ ಮೂರನೆಯದು ನಿಲ್ದಾಣದಲ್ಲಿಯೇ.

ಹಣದ ಮಾತು ಕೊನೆಗೆ. ಸೈಕಲ್ ಯೋಜನೆಗೆಂದು 2018ರಲ್ಲಿ ಏಳು ವರ್ಷಗಳಿಗೆ 35 ಕೋಟಿ ಯೂರೋ ಘೋಷಣೆಯಾಯಿತು; 2023ರಲ್ಲಿ 2027ರವರೆಗೆ 200 ಕೋಟಿ ಯೂರೋ ಎಂಬ ದೊಡ್ಡ ಮಾತು ಬಂತು; ಮರುವರ್ಷದಿಂದಲೇ ಉಳಿತಾಯದ ನೆಪದಲ್ಲಿ ಕತ್ತರಿ ಬಿತ್ತು. ಕತ್ತರಿ ಬಿದ್ದಾಗ ಮೊದಲು ನಿಲ್ಲುವುದು ಪೋಸ್ಟರುಗಳಲ್ಲಿ ಕಾಣುವ ಮಹಾಮಾರ್ಗಗಳಲ್ಲ, ಹಳ್ಳಿಯಿಂದ ಹಾದಿಗೆ ಸೇರುವ ಆ ಸಣ್ಣ ತುಂಡುಗಳು. ಅವುಗಳನ್ನು ಕೇಳಲು ದೂರದೇಶದ ಪ್ರವಾಸಿ ಬರುವುದಿಲ್ಲ. ಕ್ಲೂನಿ, ಜಿವ್ರಿಗಳ ಸುತ್ತಲಿನ ಹಳ್ಳಿಗಳ ಪೌರಸಭೆಗಳು, ಶಾಲೆಗಳ ಪೋಷಕರು, ದ್ರಾಕ್ಷಿತೋಟದ ಕೆಲಸಗಾರರು ಒಟ್ಟಾಗಿ ಜಿಲ್ಲಾ ಮಂಡಲಿಯ ಮುಂದೆ ಪಟ್ಟಿಯೊಂದನ್ನು ಇಡಬೇಕು: ಯಾವ ಹಳ್ಳಿಯಿಂದ ಎಷ್ಟು ಕಿಲೋಮೀಟರು, ಯಾವ ಬಂಡಿದಾರಿಯ ಮೂಲಕ, ದಾರಿಯಲ್ಲಿ ಎಷ್ಟು ಮಕ್ಕಳು.